ಕುಡಿದಿಲ್ಲ, ಗಾಳಿ ಸೋಕಿಲ್ಲ: ಅಪರೂಪದ ನರ ರೋಗಗಳ ಬಗ್ಗೆ ಊರಿಗೆ ತಿಳಿಸೋದು ಹೇಗೆ

ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ತೂರಾಡುತ್ತಾ ನಡೆದು ಬರುತ್ತಾನೆ. ಕಾಲು ಅಗಲ ಮಾಡಿ ಇಡುತ್ತಾನೆ, ಮಾತು ತೊದಲುತ್ತದೆ, ಟಿಕೆಟಿಗೆ ಚಾಚಿದ ಕೈ ಗುರಿ ತಪ್ಪಿ ಪಕ್ಕಕ್ಕೆ ಹೋಗುತ್ತದೆ. "ಏ, ಹಗಲೊತ್ತಿನ್ಯಾಗ ಕುಡದು ಬಂದಾನ ನೋಡು" ಅಂತ ಯಾರೋ ಅಂದೇ ಅನ್ನುತ್ತಾರೆ. ಅವನು ಒಂದು ಹನಿಯನ್ನೂ ಮುಟ್ಟಿಲ್ಲ. ಅವನ ಕಿರುಮೆದುಳಿನ ನರಕೋಶಗಳು ಸವೆಯುತ್ತಿವೆ. ಅದಕ್ಕೆ ಅಟಾಕ್ಸಿಯಾ ಅಂತಾರೆ.

ನಮ್ಮ ಮನೆಯಲ್ಲೂ ಇದೇ ಕಾಯಿಲೆ ಇದೆ, ನಮ್ಮ ಚಿಕ್ಕಪ್ಪನಿಗೆ. ಹಾಗಾಗಿ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಊರೂರಲ್ಲಿ ಇಂಥ ಕಾಯಿಲೆಗಳ ಬಗ್ಗೆ ಜನರಿಗೆ ತಿಳಿಸಬೇಕು ಅಂತ ಮನಸ್ಸಿದ್ದವರಿಗೆ ನನಗೆ ಗೊತ್ತಿರುವುದನ್ನು ಬರೆಯುತ್ತಿದ್ದೇನೆ. ನೀವು ಆಶಾ ಕಾರ್ಯಕರ್ತೆ ಇರಬಹುದು, ಮೇಷ್ಟ್ರು ಇರಬಹುದು, ಯುವಕ ಸಂಘದವರು ಇರಬಹುದು, ಅಥವಾ ಮನೆಯಲ್ಲಿ ಒಬ್ಬರನ್ನು ನೋಡಿಕೊಳ್ಳುತ್ತಾ ಸುಸ್ತಾಗಿರುವವರು ಇರಬಹುದು. ಡಾಕ್ಟರ್ ಆಗಿರಬೇಕು ಅಂತೇನಿಲ್ಲ.

ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ರೋಗದ ಹೆಸರಿನಿಂದ ಶುರು ಮಾಡಬೇಡಿ, ಕಣ್ಣಿಗೆ ಕಾಣುವುದರಿಂದ ಶುರು ಮಾಡಿ. ಮತ್ತೆ, ಕೇಳಿಸಿಕೊಂಡವರು ಮುಂದೆ ಎಲ್ಲಿಗೆ ಹೋಗಬೇಕು ಅನ್ನೋದನ್ನು ಹೇಳದೆ ಯಾರನ್ನೂ ಕಳಿಸಬೇಡಿ.

ಎಲ್ಲಾ ರೋಗಗಳನ್ನೂ ಹೇಳಲು ಹೋಗಬೇಡಿ

ನರಕೋಶಗಳು ನಿಧಾನವಾಗಿ ಸಾಯುತ್ತಾ ಹೋಗುವ ಅಪರೂಪದ ಕಾಯಿಲೆಗಳು ಬಹಳ ಇವೆ. ಪಟ್ಟಿ ಓದಿದರೆ ಒಂದೂ ನೆನಪಿರಲ್ಲ. ನಾನು ಐದನ್ನು ಮಾತ್ರ ಹಿಡಿದುಕೊಳ್ಳುತ್ತೇನೆ. ಗೊತ್ತಾದರೆ ಏನಾದರೂ ಬದಲಾಗುತ್ತದೆ ಅನ್ನುವಂಥವು ಇವು.

ಮೊದಲನೆಯದು ವಿಲ್ಸನ್ ಕಾಯಿಲೆ. ಇದನ್ನೇ ಮೊದಲು ಹೇಳಿ, ಯಾಕೆಂದರೆ ಇದಕ್ಕೆ ಔಷಧಿ ಇದೆ. ನಾವು ಉಣ್ಣುವ ಅನ್ನ, ರೊಟ್ಟಿ, ಬೇಳೆಯಲ್ಲಿ ಸ್ವಲ್ಪ ತಾಮ್ರದ ಅಂಶ ಇರುತ್ತದೆ, ಜಾಸ್ತಿಯಾದದ್ದನ್ನು ಲಿವರ್ ಹೊರಗೆ ಹಾಕುತ್ತದೆ. ವಿಲ್ಸನ್ ಇದ್ದವರಲ್ಲಿ ಅದು ಹೊರಗೆ ಹೋಗಲ್ಲ, ಮೊದಲು ಲಿವರಿನಲ್ಲಿ, ಆಮೇಲೆ ಮೆದುಳಿನಲ್ಲಿ ಸೇರುತ್ತದೆ. ಹೆಚ್ಚಾಗಿ ಮಕ್ಕಳಲ್ಲಿ, ಹರೆಯದವರಲ್ಲಿ ಶುರುವಾಗುತ್ತದೆ. ಚೆನ್ನಾಗಿ ಬರೆಯುತ್ತಿದ್ದ ಹುಡುಗಿಯ ಅಕ್ಷರ ಕೆಡುತ್ತದೆ. ಬಾಯಿಂದ ಜೊಲ್ಲು ಸುರಿಯುತ್ತದೆ. ಕೈ ನಡುಗುತ್ತದೆ. ಸ್ವಭಾವ ಬದಲಾಗಿ ಸುಮ್‌ಸುಮ್ನೆ ಸಿಟ್ಟು ಬರುತ್ತದೆ. ಕೆಲವರಿಗೆ ಮುಂಚೆ ಕಾಮಾಲೆ ಬಂದು ಹೋಗಿರುತ್ತದೆ. ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕಂದು ಬಣ್ಣದ ಉಂಗುರ ಕಾಣಬಹುದು, ಕಣ್ಣಿನ ಡಾಕ್ಟರು ತಮ್ಮ ಸ್ಲಿಟ್ ಲ್ಯಾಂಪ್ ಯಂತ್ರದಲ್ಲಿ ನೋಡಿ ಹೇಳುತ್ತಾರೆ. ಬೇಗ ಗೊತ್ತಾದರೆ ಪೆನಿಸಿಲಮೈನ್, ಝಿಂಕ್‌ನಂಥ ಮಾತ್ರೆಗಳ ಮೇಲೆ ಜೀವನ ಪೂರ್ತಿ ಚೆನ್ನಾಗಿರಬಹುದು. ಆದರೆ ಮಾತ್ರೆ ಬಿಡುವ ಹಾಗಿಲ್ಲ. "ಈಗ ಆರಾಮ ಆಗೇನಿ" ಅಂತ ಬಿಟ್ಟವರು ಮತ್ತೆ ಕೆಳಗೆ ಬೀಳುತ್ತಾರೆ, ಇದನ್ನು ಒತ್ತಿ ಹೇಳಿ. ಒಬ್ಬರಿಗೆ ಬಂದಿದೆ ಅಂದರೆ ಒಡಹುಟ್ಟಿದವರನ್ನೆಲ್ಲ ಪರೀಕ್ಷೆ ಮಾಡಿಸಲೇಬೇಕು, ಅವರು ಎಷ್ಟೇ ಆರೋಗ್ಯವಾಗಿ ಕಂಡರೂ.

ಇದು ಎಷ್ಟು ಜನಕ್ಕೆ ಬರುತ್ತದೆ? ಸುಮಾರು 30,000 ಜನರಲ್ಲಿ ಒಬ್ಬರಿಗೆ ಅಂತ ಸಾಮಾನ್ಯವಾಗಿ ಹೇಳುವ ಲೆಕ್ಕ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯಲ್ಲಿ 19 ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಭಾಗಿಸಿ ನೋಡಿ, ಒಂದೇ ಜಿಲ್ಲೆಯಲ್ಲಿ ಅರವತ್ತರ ಹತ್ತಿರ ಬರುತ್ತದೆ. ವೇದಿಕೆಯ ಮೇಲೆ ಈ ಲೆಕ್ಕವನ್ನು ಜೋರಾಗಿ ಮಾಡಿ ತೋರಿಸಿ. ಅಪರೂಪ ಅಂದರೆ ನಮ್ಮೂರಲ್ಲಿ ಇಲ್ಲ ಅಂತ ಅಲ್ಲ ಅನ್ನೋದು ಆಗ ತಲೆಗೆ ಹೋಗುತ್ತದೆ.

ಎರಡನೆಯದು ಎಸ್‌ಎಸ್‌ಪಿಇ. ಹೆಸರು ಬಿಡಿ, ಇದು ದಡಾರದ ಬಾಲ. ನಮ್ಮ ಕಡೆ ಗೊಬ್ಬರ ಅಂತಲೂ ಅನ್ನುತ್ತಾರಲ್ಲ, ಅದೇ. ಎಳೆ ವಯಸ್ಸಿನಲ್ಲಿ ದಡಾರ ಬಂದು ವಾಸಿಯಾದ ಕೆಲವೇ ಕೆಲವು ಮಕ್ಕಳಲ್ಲಿ ಆ ವೈರಸ್ ಮೆದುಳಿನಲ್ಲಿ ಅಡಗಿ ಕೂತು, ಹಲವು ವರ್ಷ ಬಿಟ್ಟು ಎದ್ದು ಬರುತ್ತದೆ. ಜಾಣ ಹುಡುಗ ಓದಿನಲ್ಲಿ ಹಿಂದೆ ಬೀಳುತ್ತಾನೆ. ಕೈಯಲ್ಲಿದ್ದ ಲೋಟ ತಟ್ಟನೆ ಬೀಳುತ್ತದೆ. ಊಟಕ್ಕೆ ಕೂತಾಗ ಕುತ್ತಿಗೆ ಪಟಕ್ಕನೆ ಮುಂದಕ್ಕೆ ಬಾಗುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಾಗುತ್ತದೆ. ಮೇಷ್ಟ್ರು ಸೋಮಾರಿ ಅಂತ ಹೊಡೆಯುತ್ತಾರೆ, ಅಜ್ಜಿ ದೃಷ್ಟಿ ತೆಗೆಯುತ್ತಾಳೆ. ಬಂದ ಮೇಲೆ ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಬರದ ಹಾಗೆ ತಡೆಯುವ ದಾರಿ ಮಾತ್ರ ನಮ್ಮ ಅಂಗನವಾಡಿಯಲ್ಲೇ ಇದೆ: ದಡಾರ-ರುಬೆಲ್ಲಾ ಲಸಿಕೆ, ಮೊದಲನೆಯದು 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳ ಒಳಗೆ. ಎರಡೂ ಉಚಿತ.

ಇಲ್ಲಿ ನಮ್ಮ ಮೂರು ಜಿಲ್ಲೆಗೆ ಇರುವ ತೊಡಕು ಗುಳೆ. ಮಳೆ ಕೈಕೊಟ್ಟರೆ ಮಸ್ಕಿ, ದೇವದುರ್ಗ, ಕುಷ್ಟಗಿ, ಲಿಂಗಸುಗೂರು ಕಡೆಯಿಂದ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬೆಂಗಳೂರು, ಪುಣೆ, ಹೈದರಾಬಾದ್ ಅಂತ ದುಡಿಯಲು ಹೋಗುತ್ತಾರೆ. ಎರಡನೇ ಸೂಜಿಯ ದಿನ ಬಂದಾಗ ಮಗು ಯಾವುದೋ ಕಟ್ಟಡದ ಕೆಳಗಿನ ತಗಡಿನ ಶೆಡ್ಡಿನಲ್ಲಿರುತ್ತದೆ. ಆದ್ದರಿಂದ ಗುಳೆ ಹೋಗುವ ಮನೆಗಳಿಗೆ ಮೊದಲೇ ಹೋಗಿ, ಲಸಿಕೆ ಬರೆಯುವ ತಾಯಿ ಕಾರ್ಡನ್ನು ಪೆಟ್ಟಿಗೆಯಲ್ಲಿ ಬಿಟ್ಟು ಹೋಗಬೇಡ ತಾಯಿ, ಜೊತೆಗೆ ಒಯ್ಯಿ, ಯಾವ ಊರಿನ ಸರ್ಕಾರಿ ಆಸ್ಪತ್ರೆಯಲ್ಲಾದರೂ ಹಾಕುತ್ತಾರೆ ಅಂತ ಹೇಳಿ. ಇಡೀ ವರ್ಷ ನೀವು ಇದೊಂದೇ ಕೆಲಸ ಮಾಡಿದರೂ ಅದು ದೊಡ್ಡ ಕೆಲಸ.

ಮೂರನೆಯದು ಅಟಾಕ್ಸಿಯಾ, ಮೇಲೆ ಹೇಳಿದೆ. ಇದರಲ್ಲಿ ಬಹಳ ಬಗೆ ಇವೆ, ಎಷ್ಟೋ ಬಗೆ ವಂಶದಿಂದ ಬರುತ್ತವೆ. ಕೆಲವಕ್ಕೆ ಮಾತ್ರ ಬೇರೆ ಕಾರಣ ಇರುತ್ತದೆ. ವಿಟಮಿನ್ ಇ ಕೊರತೆಯಿಂದಲೂ ಹೀಗೆ ತೂರಾಟ ಬರುತ್ತದೆ, ಬಿ12 ಕೊರತೆಯಿಂದಲೂ ನಡಿಗೆ ಕೆಡುತ್ತದೆ, ಇವೆರಡನ್ನೂ ಸರಿ ಮಾಡಬಹುದು. ಪರೀಕ್ಷೆ ಮಾಡಿಸದೆ "ವಂಶದ್ದು, ಏನೂ ಮಾಡಕ್ಕಾಗಲ್ಲ" ಅಂತ ಕೂರಬಾರದು ಅನ್ನೋದು ಇದಕ್ಕೇ.

ನಾಲ್ಕನೆಯದು ಮೋಟಾರ್ ನ್ಯೂರಾನ್ ಕಾಯಿಲೆ. ಅಂಗೈಯ ಮಾಂಸ ಇಳಿದು ಹಳ್ಳ ಬೀಳುತ್ತದೆ, ಅಂಗಿಯ ಗುಂಡಿ ಹಾಕಲು ಆಗಲ್ಲ, ಚರ್ಮದ ಕೆಳಗೆ ಮಾಂಸಖಂಡ ತಾನಾಗೇ ಅದುರುತ್ತದೆ, ಮುಂದೆ ನುಂಗುವುದು ಕಷ್ಟವಾಗುತ್ತದೆ. ಸ್ಪರ್ಶ ಗೊತ್ತಾಗುತ್ತದೆ, ಹೆಚ್ಚಿನವರಲ್ಲಿ ಬುದ್ಧಿಯೂ ಚುರುಕಾಗೇ ಇರುತ್ತದೆ. ಸ್ಟೀಫನ್ ಹಾಕಿಂಗ್ ಅವರಿಗೆ 1963ರಲ್ಲಿ, 21ನೇ ವಯಸ್ಸಿನಲ್ಲಿ ಇದು ಪತ್ತೆಯಾಯಿತು, ಅವರು ತೀರಿಕೊಂಡದ್ದು 2018ರಲ್ಲಿ. ಎಲ್ಲರಿಗೂ ಅಷ್ಟು ವರ್ಷ ಸಿಗುವುದಿಲ್ಲ, ಅದನ್ನು ಮುಚ್ಚಿಡಬೇಡಿ. ಇದರಲ್ಲೇ ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಂಡ ಒಂದು ಬಗೆ ಇದೆ, ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆ ಅಂತ, 1970ರಲ್ಲಿ ಮೊದಲು ವಿವರಿಸಿದ್ದು. ಹರೆಯದಲ್ಲಿ ಶುರುವಾಗುತ್ತದೆ, ನಿಧಾನವಾಗಿ ಹೆಚ್ಚುತ್ತದೆ, ಎಷ್ಟೋ ಜನರಿಗೆ ಕಿವಿಯೂ ಮಂದವಾಗುತ್ತದೆ. ಹುಡುಗನಿಗೆ ಕೈ ಸಣ್ಣಗಾಗುತ್ತಾ ಬಂದು ಜೊತೆಗೆ ಕಿವಿಯೂ ಕೇಳಿಸುತ್ತಿಲ್ಲ ಅಂದರೆ ಎರಡನ್ನೂ ಬೇರೆ ಬೇರೆ ಕಾಯಿಲೆ ಅಂದುಕೊಳ್ಳದೆ ಒಬ್ಬ ನ್ಯೂರಾಲಜಿಸ್ಟ್ (ನರರೋಗ ತಜ್ಞ) ಹತ್ತಿರ ಒಟ್ಟಿಗೆ ಹೇಳಬೇಕು.

ಐದನೆಯದು ಹಂಟಿಂಗ್ಟನ್. ಮೈಕೈ ತಾನಾಗೇ ಕುಣಿದ ಹಾಗೆ ಆಡುತ್ತದೆ, ಸಿಟ್ಟು, ಮಂಕು, ಮರೆವು ಬರುತ್ತದೆ, ಸಾಮಾನ್ಯವಾಗಿ 30ರಿಂದ 50ರ ವಯಸ್ಸಿನಲ್ಲಿ. "ಮೈಮ್ಯಾಲೆ ಬಂದೈತಿ" ಅಂತ ಜನ ಅಂದುಕೊಳ್ಳುವುದು ಸಹಜ. 4ನೇ ಕ್ರೋಮೋಸೋಮಿನಲ್ಲಿರುವ ಒಂದೇ ಜೀನಿನ (ವಂಶವಾಹಿಯ) ದೋಷ ಇದು, 1993ರಲ್ಲಿ ಆ ಜೀನ್ ಸಿಕ್ಕಿತು. ಅಪ್ಪ ಅಥವಾ ಅವ್ವನಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕೆ ಅರ್ಧ. ಒಂದು ನಾಣ್ಯ ಚಿಮ್ಮಿ ತೋರಿಸಿ, ಪ್ರತಿ ಸಲವೂ ಹೊಸದಾಗಿ ಚಿಮ್ಮಿ. ಮೊದಲನೇ ಮಗನಿಗೆ ಬಂದಿದೆ, ಇನ್ನು ಎರಡನೆಯವನಿಗೆ ಬರಲ್ಲ ಅನ್ನುವ ತಪ್ಪು ಲೆಕ್ಕ ಅದರಿಂದ ಹೋಗುತ್ತದೆ.

ಮಾತಾಡುವ ಮೊದಲು ವಿಳಾಸ ಜೋಡಿಸಿಕೊಳ್ಳಿ

ಕಾರ್ಯಕ್ರಮ ಮುಗಿದ ಕೂಡಲೇ ಒಬ್ಬ ತಾಯಿ ಬಂದು ನಿಮ್ಮ ಕೈ ಹಿಡಿದು "ನೀವು ಹೇಳಿದ್ದು ಎಲ್ಲಾ ನಮ್ಮ ಹುಡುಗಗ ಐತ್ರಿ, ಎಲ್ಲಿ ತೋರಿಸ್ಲಿ?" ಅಂತ ಕೇಳುತ್ತಾಳೆ. ಕೇಳೇ ಕೇಳುತ್ತಾಳೆ. ಆಗ ನಿಮ್ಮ ಹತ್ತಿರ ಉತ್ತರ ಇಲ್ಲದಿದ್ದರೆ ಅವಳಿಗೆ ಹೆದರಿಕೆ ಒಂದನ್ನೇ ಕೊಟ್ಟು ಕಳಿಸಿದ ಹಾಗಾಗುತ್ತದೆ.

ಅಂಗೈಯಗಲದ ಒಂದು ಕಾರ್ಡಿನಲ್ಲಿ ಇಷ್ಟನ್ನು ಅಚ್ಚು ಹಾಕಿಸಿ. ಬಳ್ಳಾರಿಯವರಿಗೆ ಹಿಂದೆ ವಿಮ್ಸ್ ಅನ್ನುತ್ತಿದ್ದ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ, ರಾಯಚೂರಿನವರಿಗೆ ರಿಮ್ಸ್, ಕೊಪ್ಪಳದವರಿಗೆ ಕಿಮ್ಸ್. ಅಲ್ಲಿ ಮೆಡಿಸಿನ್ ಅಥವಾ ಮಕ್ಕಳ ವಿಭಾಗದಲ್ಲಿ ತೋರಿಸಿ, ಅಲ್ಲಿಂದ ಪತ್ರ ಬರೆಸಿಕೊಂಡು ಬೆಂಗಳೂರಿನ ನಿಮ್ಹಾನ್ಸ್‌ಗೆ. ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಅಂತ ಶುರು ಮಾಡಿದರು, ಜಿಲ್ಲಾ ಮಟ್ಟದಲ್ಲೇ ಬ್ರೈನ್ ಹೆಲ್ತ್ ಕ್ಲಿನಿಕ್ ನಡೆಸುವುದು ಅದರ ಉದ್ದೇಶ. ನಿಮ್ಮ ಜಿಲ್ಲೆಯಲ್ಲಿ ಯಾವ ದಿನ, ಎಷ್ಟನೇ ನಂಬರಿನ ಕೋಣೆ ಅನ್ನೋದನ್ನು ನೀವೇ ಹೋಗಿ ಕೇಳಿಕೊಂಡು ಬಂದು ಕಾರ್ಡಿನಲ್ಲಿ ಬರೆಯಿರಿ. ಫೋನಿನಲ್ಲಿ ಕೇಳಿದ್ದನ್ನು ನಂಬಿ ಅಚ್ಚು ಹಾಕಿಸಬೇಡಿ. ಆರೋಗ್ಯದ ವಿಚಾರಕ್ಕೆ 104, ನೋಡಿಕೊಳ್ಳುವವರ ಮನಸ್ಸು ಕುಸಿದಾಗ ಟೆಲಿ ಮಾನಸ್ 14416, ಇವೆರಡೂ ಇರಲಿ.

ಬೆಂಗಳೂರಿಗೆ ಹೋಗುವುದು ಹೇಗೆ ಅಂತಲೂ ಹೇಳಿ, ನಗಬೇಡಿ, ಎಷ್ಟೋ ಮನೆಗಳು ನಿಂತುಹೋಗುವುದು ಇಲ್ಲೇ. ಕೊಪ್ಪಳ, ಬಳ್ಳಾರಿಯವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ.

ಹೋಗುವಾಗ ಎರಡು ವಸ್ತು ತಪ್ಪದೆ ಒಯ್ಯಲಿ. ಒಂದು, ಮೊಬೈಲಿನಲ್ಲಿ ಒಂದು ನಿಮಿಷದ ವೀಡಿಯೊ: ರೋಗಿ ನಡೆಯುವುದು, ತಿರುಗುವುದು, ಲೋಟ ಎತ್ತುವುದು, ಮಾತಾಡುವುದು. ಆಸ್ಪತ್ರೆಗೆ ಹೋದ ದಿನ ಎಷ್ಟೋ ಸಲ ನಡುಕ ಕಾಣುವುದೇ ಇಲ್ಲ, ವೀಡಿಯೊ ಇದ್ದರೆ ಡಾಕ್ಟರಿಗೆ ತಿಳಿಯುತ್ತದೆ. ಇನ್ನೊಂದು, ಮನೆತನದ ಗೆರೆ. ಒಂದು ಹಾಳೆಯಲ್ಲಿ ಅಜ್ಜ-ಅಜ್ಜಿ, ಅವರ ಕೆಳಗೆ ಅಪ್ಪ-ಅವ್ವ ಮತ್ತು ಅವರ ಒಡಹುಟ್ಟಿದವರು, ಅದರ ಕೆಳಗೆ ಮಕ್ಕಳು. ಯಾರಿಗೆ ಎಷ್ಟನೇ ವಯಸ್ಸಿನಲ್ಲಿ ಏನಾಯಿತು ಅಂತ ಪಕ್ಕದಲ್ಲಿ. ಚಿಕ್ಕಪ್ಪನದನ್ನು ನಾವು ಬರೆಯುವಾಗ ಬರೀ ಅವರ ಅಪ್ಪನ ಕಡೆಯವರ ಹೆಸರು ಬಂತು. ಅವ್ವನ ತವರು ಮನೆಯದ್ದನ್ನು ಯಾರೂ ಹೇಳಲೇ ಇಲ್ಲ, ನಮ್ಮ ಅಜ್ಜಿಯ ತಂಗಿಯೊಬ್ಬರು "ಕೋಲು ಹಿಡಕೊಂಡೇ ಸತ್ರು" ಅನ್ನೋ ಮಾತು ಬಹಳ ಹೊತ್ತಿನ ಮೇಲೆ ಹೊರಬಂತು. ಹೆಣ್ಣುಮಕ್ಕಳ ಕಡೆಯದ್ದನ್ನು ಬಿಡಿಸಿ ಬಿಡಿಸಿ ಕೇಳಿ.

ಹಣದ ವಿಷಯದಲ್ಲಿ ಹುಷಾರು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ 50 ಲಕ್ಷ ರೂಪಾಯಿವರೆಗೆ ನೆರವು ಇದೆ, ನಿಜ. ಆದರೆ ಅದು ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಮಾತ್ರ, ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ ಮಾತ್ರ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಅಂಥ ಕೇಂದ್ರವಾಗಿವೆ. "ಸರ್ಕಾರ ಐವತ್ತು ಲಕ್ಷ ಕೊಡುತ್ತದೆ" ಅಂತ ಮೈಕಿನಲ್ಲಿ ಹೇಳಿಬಿಟ್ಟರೆ ಬಡವರಿಗೆ ಸುಳ್ಳು ಆಸೆ ಹುಟ್ಟಿಸಿದ ಪಾಪ ನಿಮ್ಮದಾಗುತ್ತದೆ.

ಕೈಗೆ ಸಿಗುವಂಥ ನೆರವು ಅಂಗವಿಕಲರ ಯುಡಿಐಡಿ ಕಾರ್ಡು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ, ದೀರ್ಘಕಾಲದ ನರಸಂಬಂಧಿ ತೊಂದರೆಗಳು ಅದರಲ್ಲಿ ಸೇರಿವೆ. ಬಹಳ ಜನ ಕೈಕಾಲು ಮುರಿದವರಿಗೆ, ಪೋಲಿಯೋ ಆದವರಿಗೆ ಮಾತ್ರ ಅಂದುಕೊಂಡಿದ್ದಾರೆ. ನಿಮ್ಮ ಗ್ರಾಮ ಪಂಚಾಯಿತಿಗೆ ವಿಆರ್‌ಡಬ್ಲ್ಯೂ ಅಂತ ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ. ಅವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು, ಮನೆ ಮನೆ ಬಲ್ಲವರು. ಅವರನ್ನು ಕರೆಯದೆ ಕಾರ್ಯಕ್ರಮ ಮಾಡಬೇಡಿ.

ಎಲ್ಲಿ, ಯಾವಾಗ, ಯಾರ ಮುಂದೆ

ಅಪರೂಪದ ಕಾಯಿಲೆಗಳ ದಿನ ಫೆಬ್ರವರಿ ಕೊನೆಯ ದಿನ ಬರುತ್ತದೆ. 2008ರಲ್ಲಿ ಯುರೋಪಿನಲ್ಲಿ ಶುರುವಾಯಿತು, ಆ ವರ್ಷ ಫೆಬ್ರವರಿ 29 ಇತ್ತು, ಅಪರೂಪದ ದಿನ ಅಂತ ಅದನ್ನೇ ಆರಿಸಿಕೊಂಡರು. ಅಟಾಕ್ಸಿಯಾ ದಿನ ಸೆಪ್ಟೆಂಬರ್ 25, ಮೋಟಾರ್ ನ್ಯೂರಾನ್ ಕಾಯಿಲೆಯ ದಿನ ಜೂನ್ 21. ಆದರೆ ಜೂನ್ 21ಕ್ಕೆ ನಮ್ಮ ಕಡೆ ಮುಂಗಾರು ಬಿತ್ತನೆ, ಹಳ್ಳಿಯಲ್ಲಿ ಒಬ್ಬರೂ ಸಿಗಲ್ಲ. ಆವತ್ತು ಊರು ಬಿಟ್ಟು ರಾಯಚೂರು ಆಕಾಶವಾಣಿಯಲ್ಲಿ ಒಂದು ಮಾತುಕತೆಗೆ ಪ್ರಯತ್ನಿಸಿ, ಹೊಲದಲ್ಲೂ ಕೇಳುತ್ತಾರೆ. ಗುಳೆ ಹೋಗುವ ಊರುಗಳಿಗೆ ಫೆಬ್ರವರಿ ತಡವಾಗಬಹುದು. ದಿನಾಚರಣೆಗಿಂತ ಜನ ಊರಲ್ಲಿರುವ ದಿನ ಮುಖ್ಯ. ಹೊತ್ತು ರಾತ್ರಿ ಏಳರ ಮೇಲೆ, ಹೊಲದಿಂದ ಬಂದು ರೊಟ್ಟಿ ಬಡಿದಾದ ಮೇಲೆ.

ಜಾತ್ರೆಗಳನ್ನು ಬಿಡಬೇಡಿ. ಕೊಪ್ಪಳದ ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ, ಜಾತ್ರೆಯ ಸಮಯದಲ್ಲಿ ವರ್ಷಕ್ಕೊಂದು ವಿಷಯ ಹಿಡಿದು ಜಾಗೃತಿ ನಡಿಗೆ ಮಾಡುವ ರೂಢಿ ಅಲ್ಲಿದೆ, ನೇತ್ರದಾನದ ಬಗ್ಗೆಯೂ ಮಾಡಿದ್ದಾರೆ. ಅಂಥ ಕಡೆ ಭಾಷಣ ನಡೆಯಲ್ಲ. ದಾಸೋಹದ ಸಾಲಿನ ಪಕ್ಕ ಒಂದು ಮೇಜು, ಎರಡು ದೊಡ್ಡ ಚಿತ್ರ, ಕಾರ್ಡುಗಳು, ಮಾತಾಡಲು ಇಬ್ಬರು ಸಾಕು.

ಕಲೆಯವರ ಹತ್ತಿರ ಹೋಗಿ. ತೊಗಲು ಗೊಂಬೆಯಾಟ ಇನ್ನೂ ಉಳಿದಿರುವ ನಾಡು ನಮ್ಮದು. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಸಂಡೂರು ಕಡೆ ದರೋಜಿ ಈರಮ್ಮನವರು ಹಾಡಿ ಬೆಳೆಸಿದ ಬುರ್ರಕಥೆ ಇದೆ. ಅಂಗೈ ನಡುಗುವ ಗೊಂಬೆಯೊಂದು ಪರದೆಯ ಮೇಲೆ ಲೋಟ ಬೀಳಿಸಿದರೆ, ಊರವರು ಬೈದರೆ, ಆಮೇಲೆ ಅದಕ್ಕೆ ಕಾರಣ ತಿಳಿದರೆ, ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರಿಗೂ ಮುಟ್ಟುತ್ತದೆ. ಆದರೆ ಕಲಾವಿದರಿಗೆ ಸಂಭಾವನೆ ಕೊಡಿ, ಸಮಾಜಸೇವೆ ಅಂತ ಪುಕ್ಕಟೆ ಕರೆಯಬೇಡಿ. ಕಥೆಯ ಕೊನೆಯಲ್ಲಿ ದೇವರು ವರ ಕೊಟ್ಟು ಕಾಯಿಲೆ ವಾಸಿಯಾಗುವ ಹಾಗೆ ಮಾಡದಿರಲು ಮೊದಲೇ ಮಾತಾಡಿಕೊಳ್ಳಿ.

ಭಾಷೆ ನೋಡಿಕೊಳ್ಳಿ. ಬಳ್ಳಾರಿ, ಸಿರುಗುಪ್ಪದಲ್ಲಿ ತೆಲುಗು, ರಾಯಚೂರಿನ ಎಷ್ಟೋ ಓಣಿಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ, ಸಿಂಧನೂರಿನ ಆರ್.ಎಚ್. (ನಿರಾಶ್ರಿತರ ಪುನರ್ವಸತಿ) ಕ್ಯಾಂಪುಗಳಲ್ಲಿ ಬಂಗಾಳಿ. ಆಯಾ ಜಾಗದವರೇ ಒಬ್ಬರು ಹೇಳಲಿ.

ದೊಡ್ಡ ಸಭೆಗಿಂತ ನನಗೆ ಹೆಚ್ಚು ನಂಬಿಕೆ ಇರುವುದು ಚಿಕ್ಕ ಗುಂಪುಗಳ ಮೇಲೆ. ರೋಗಿಯನ್ನು ಮೊದಲು ನೋಡುವವರು ಯಾರು ಅಂತ ಯೋಚಿಸಿ. ಬಸ್ ಕಂಡಕ್ಟರು, ಆಟೋದವರು, ಮೆಡಿಕಲ್ ಶಾಪಿನವರು, ಶಾಲೆಯ ಮೇಷ್ಟ್ರು, ಹಳ್ಳಿಯಲ್ಲಿ ಸೂಜಿ ಮಾಡುವ ಆರ್‌ಎಂಪಿ, ತಾಯಿತ ಕಟ್ಟುವ ಅಜ್ಜ, ಠಾಣೆಯ ಪೊಲೀಸರು. ಆರ್‌ಎಂಪಿಯನ್ನು, ಪೂಜಾರಿಯನ್ನು ಬೈಯಬೇಡಿ. ಬೈದರೆ ಜನ ಅವರ ಕಡೆ ನಿಲ್ಲುತ್ತಾರೆ, ಯಾಕೆಂದರೆ ರಾತ್ರಿ ಹನ್ನೆರಡಕ್ಕೆ ಬಾಗಿಲು ತೆಗೆಯುವವರು ಅವರೇ. "ನೀವು ನಿಮ್ಮ ಪೂಜೆ ಮಾಡ್ರಿ ಅಜ್ಜಾರ, ಆದ್ರ ಹಿಂಗ ಹಿಂಗ ಕಂಡ್ರ ದೊಡ್ಡ ದವಾಖಾನಿಗೂ ಕಳಸ್ರಿ" ಅಂತ ಕೇಳಿಕೊಳ್ಳಿ. "ನರ ವೀಕ್ ಆಗ್ಯಾವ" ಅಂತ ತಿಂಗಳುಗಟ್ಟಲೆ ಸಲೈನ್ ಏರಿಸಿಕೊಂಡು, ಶಕ್ತಿ ಸೂಜಿ ಮಾಡಿಸಿಕೊಂಡು ಸಾಲ ಮಾಡಿದ ಮನೆಗಳು ಬೇಕಾದಷ್ಟಿವೆ. ಕೈ ಸಣ್ಣಗಾಗುತ್ತಿದ್ದರೆ, ನಡಿಗೆ ತಿಂಗಳಿಂದ ತಿಂಗಳಿಗೆ ಕೆಡುತ್ತಿದ್ದರೆ ಸಲೈನ್ ಅದಕ್ಕೆ ಔಷಧಿ ಅಲ್ಲ, ಈ ಒಂದು ಮಾತು ಅವರ ತಲೆಯಲ್ಲಿ ಉಳಿದರೂ ಸಾಕು.

ಬಸ್ ಡಿಪೋ ಮತ್ತು ಠಾಣೆಯಲ್ಲಿ ಮಾತಾಡುವಾಗ ಕಾಯ್ದೆಯನ್ನೂ ತಿಳಿಸಿ. ಅಂಗವಿಕಲರನ್ನು ಬೇಕಂತಲೇ ನಾಲ್ಕು ಜನರ ಮುಂದೆ ಅವಮಾನ ಮಾಡಿದರೆ 2016ರ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 5 ವರ್ಷದವರೆಗೆ ಜೈಲು ಆಗಬಹುದು. ಹೆದರಿಸುವ ದನಿಯಲ್ಲಿ ಬೇಡ, ಗೊತ್ತಿರಲಿ ಅನ್ನುವ ದನಿಯಲ್ಲಿ.

ನಮ್ಮ ಚಿಕ್ಕಪ್ಪನಿಗೆ ಹೆಚ್ಚು ಉಪಯೋಗವಾದದ್ದು ಜೇಬಿನಲ್ಲಿಡುವ ಒಂದು ಚೀಟಿ. ಲ್ಯಾಮಿನೇಷನ್ ಮಾಡಿಸಿದ್ದೇವೆ. ಅದರಲ್ಲಿ ಹೀಗಿದೆ: "ನಾನು ಕುಡಿದಿಲ್ಲ. ನನಗೆ ಅಟಾಕ್ಸಿಯಾ ಎಂಬ ನರದ ಕಾಯಿಲೆ ಇದೆ. ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ. ನೀವು ಹೇಳುವುದು ನನಗೆ ಪೂರ್ತಿ ಅರ್ಥವಾಗುತ್ತದೆ. ದಯವಿಟ್ಟು ಕೂರಲು ಜಾಗ ಕೊಡಿ. ಈ ನಂಬರಿಗೆ ಫೋನ್ ಮಾಡಿ." ಕೆಳಗೆ ಮನೆಯವರ ನಂಬರ್. ಕನ್ನಡ ಒಂದು ಕಡೆ, ತೆಲುಗು ಇನ್ನೊಂದು ಕಡೆ. ಇದನ್ನು ಮಾಡಿಸಿದ ಮೇಲೆ ಅವರು ಒಬ್ಬರೇ ಮಾನ್ವಿಯ ಸಂತೆಗೆ ಹೋಗಿ ಬರಲು ಮತ್ತೆ ಶುರು ಮಾಡಿದರು. ಇಂಥ ಮನೆ ನಿಮಗೆ ಸಿಕ್ಕರೆ ಎಲ್ಲಕ್ಕಿಂತ ಮೊದಲು ಈ ಚೀಟಿ ಮಾಡಿಸಿಕೊಡಿ.

ಸಾಮಾಜಿಕ ಜಾಲತಾಣದ ಬಗ್ಗೆಯೂ ಒಂದು ಮಾತು. 2014ರಲ್ಲಿ ತಲೆಯ ಮೇಲೆ ಐಸ್ ನೀರು ಸುರಿದುಕೊಳ್ಳುವ ಸವಾಲು ಲೋಕ ಸುತ್ತಿತು, ಅಮೆರಿಕದ ಎಎಲ್‌ಎಸ್ (ಮೋಟಾರ್ ನ್ಯೂರಾನ್ ಕಾಯಿಲೆಯ ಒಂದು ಬಗೆ) ಸಂಘವೊಂದಕ್ಕೇ ಸುಮಾರು 11.5 ಕೋಟಿ ಡಾಲರ್ ಬಂತು, ಅದು ಸಂಶೋಧನೆಗೂ ಹೋಯಿತು. ಕೆಲಸ ಮಾಡಿದ್ದು ನೀರಲ್ಲ. ಚಿಕ್ಕದೊಂದು ಕೆಲಸ ಮಾಡಿ ಮೂವರಿಗೆ ಹೆಸರು ಹೇಳಿ ದಾಟಿಸುವ ರೀತಿ ಅದು. ಬೇಸಿಗೆಯಲ್ಲಿ ಕೊಡ ಹಿಡಿದು ಸರದಿ ನಿಲ್ಲುವ ನಮ್ಮೂರಲ್ಲಿ ಬಕೆಟ್ ನೀರು ಚೆಲ್ಲುವುದು ಸಲ್ಲದು. ಮಗುವಿನ ತಾಯಿ ಕಾರ್ಡಿನಲ್ಲಿ ದಡಾರದ ಎರಡೂ ಸೂಜಿ ಆಗಿದೆಯಾ ಅಂತ ನೋಡಿ, ವಾಟ್ಸಾಪ್‌ನಲ್ಲಿ "ನಮ್ಮ ಮನೆಯದ್ದು ಆಗಿದೆ, ನಿಮ್ಮದು ನೋಡಿ" ಅಂತ ಮೂವರಿಗೆ ಕಳಿಸಲು ಹೇಳಿ. ಕಾರ್ಡಿನ ಫೋಟೋ ಮಾತ್ರ ಹಾಕಬೇಡಿ, ಹೆಸರು ವಿಳಾಸ ಎಲ್ಲ ಅದರಲ್ಲಿರುತ್ತದೆ.

ರೋಗಿಯನ್ನು ವೇದಿಕೆಗೆ ಕರೆಯಬೇಕಾ?

ಇದನ್ನು ನಿಧಾನವಾಗಿ ಓದಿ. ಒಬ್ಬ ರೋಗಿ ಬಾಯಿಬಿಟ್ಟು ಹೇಳಿದರೆ ಹತ್ತು ಭಾಷಣಕ್ಕಿಂತ ಜಾಸ್ತಿ ನಾಟುತ್ತದೆ, ಅದು ನಿಜ. ಆದರೆ ಇವುಗಳಲ್ಲಿ ಹೆಚ್ಚಿನವು ವಂಶದ ಕಾಯಿಲೆಗಳು. ಒಬ್ಬನ ಹೆಸರು ಹೇಳಿದರೆ ಇಡೀ ಮನೆತನದ ಹೆಸರು ಹೇಳಿದ ಹಾಗೆ. ಮನೆಯಲ್ಲಿ ಮದುವೆ ವಯಸ್ಸಿನ ಹೆಣ್ಣುಮಗಳು ಇರುತ್ತಾಳೆ, ನಾಳೆ ನೋಡಲು ಬರುವವರು ಬರುವುದಿಲ್ಲ. ಅವಳಿಗೆ ಆ ಜೀನ್ ಬಂದೇ ಇಲ್ಲದಿರಬಹುದು. ಆದ್ದರಿಂದ ರೋಗಿಯ ಒಪ್ಪಿಗೆ ಒಂದೇ ಸಾಲದು, ಮನೆಯಲ್ಲಿ ದೊಡ್ಡವರಾದ ಎಲ್ಲರನ್ನೂ ಕೂರಿಸಿ ಕೇಳಿ. ಒಬ್ಬರು ಬೇಡ ಅಂದರೂ ಬೇಡ. ಊರಿನ ಹೆಸರೂ ಬೇಡ. ಫೋಟೋ, ವೀಡಿಯೊ ತೆಗೆಯುವವರನ್ನು ಮೊದಲೇ ತಡೆಯಿರಿ, ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ ಅಲ್ವಾ. ಮಕ್ಕಳನ್ನು ವೇದಿಕೆಗೆ ಕರೆಯಲೇಬೇಡಿ.

ಹಾಗೆಯೇ ಹಂಟಿಂಗ್ಟನ್‌ನಂಥ ಕಾಯಿಲೆಗೆ "ಎಲ್ಲರೂ ಜೀನ್ ಟೆಸ್ಟ್ ಮಾಡಿಸಿಕೊಳ್ಳಿ" ಅಂತ ಕರೆ ಕೊಡಬೇಡಿ. ಮುಂದೆ ಬರುತ್ತದೆ ಅಂತ ಇಪ್ಪತ್ತೈದರ ವಯಸ್ಸಿಗೇ ತಿಳಿದುಕೊಂಡು ಬದುಕುವುದು ಎಲ್ಲರಿಗೂ ಆಗುವ ಮಾತಲ್ಲ. ತಿಳಿಯಬೇಕೋ ಬೇಡವೋ ಅನ್ನೋದು ಅವರವರ ಹಕ್ಕು, ಜೆನೆಟಿಕ್ ಕೌನ್ಸೆಲಿಂಗ್ (ವಂಶದ ಕಾಯಿಲೆಯ ಬಗ್ಗೆ ತಜ್ಞರ ಸಲಹೆ) ಆದ ಮೇಲೆ ಅವರೇ ತೀರ್ಮಾನಿಸಲಿ.

ಸಂಬಂಧದಲ್ಲಿ ಮದುವೆಯ ಪ್ರಶ್ನೆ ಖಂಡಿತ ಬರುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಇದ್ದದ್ದು ಇದ್ದ ಹಾಗೆ ಹೇಳಿ: ವಿಲ್ಸನ್, ಫ್ರೆಡ್ರಿಕ್ಸ್ ಅಟಾಕ್ಸಿಯಾದಂಥ ಕಾಯಿಲೆಗಳು ಬರಬೇಕಾದರೆ ದೋಷದ ಜೀನ್ ಅಪ್ಪನಿಂದಲೂ ಅವ್ವನಿಂದಲೂ ಬರಬೇಕು, ರಕ್ತಸಂಬಂಧಿಗಳಲ್ಲಿ ಇಬ್ಬರ ಹತ್ತಿರವೂ ಅದೇ ಜೀನ್ ಇರುವ ಸಾಧ್ಯತೆ ಜಾಸ್ತಿ. ಇಬ್ಬರಿಗೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಹಂಟಿಂಗ್ಟನ್‌ಗೆ ಇದು ಸಂಬಂಧ ಇಲ್ಲ, ಹೊರಗಿನಿಂದ ತಂದರೂ ಬರುತ್ತದೆ. ಈಗಾಗಲೇ ಸಂಬಂಧದಲ್ಲಿ ಮದುವೆಯಾಗಿ ಮಗುವನ್ನು ಎತ್ತಿಕೊಂಡು ಎದುರಿಗೆ ಕೂತ ತಾಯಿಗೆ "ನಿಮ್ಮದೇ ತಪ್ಪು" ಅಂತ ಕೇಳಿಸುವ ಹಾಗೆ ಮಾತ್ರ ಹೇಳಬೇಡಿ. ಮನೆಯಲ್ಲಿ ಅತ್ತೆ ಅವಳಿಗೆ ಅದನ್ನು ದಿನಾ ಹೇಳುತ್ತಿರಬಹುದು.

ಅಂಟುತ್ತದಾ ಅಂತ ಕೇಳುತ್ತಾರೆ. ಜೊತೆಗೆ ಕೂತು ಉಂಡರೆ, ಮುಟ್ಟಿದರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಈ ಐದರಲ್ಲಿ ಯಾವುದೂ ಅಂಟುವುದಿಲ್ಲ.

ವಾಸಿಯಾಗುತ್ತದಾ ಅಂತ ಕೇಳಿದಾಗ ಯಾವುದಕ್ಕೆ ಔಷಧಿ ಇದೆ, ಯಾವುದಕ್ಕೆ ಇಲ್ಲ ಅಂತ ನೇರವಾಗಿ ಹೇಳಿ. ಇಲ್ಲದ್ದಕ್ಕೂ ಮಾಡುವುದು ಬೇಕಾದಷ್ಟಿದೆ: ಫಿಸಿಯೋಥೆರಪಿ, ಬೀಳದ ಹಾಗೆ ಬಚ್ಚಲಿಗೆ ಹಿಡಿಕೆ, ನುಂಗಲು ಕಷ್ಟವಾದರೆ ಒಣ ರೊಟ್ಟಿ ಬಿಟ್ಟು ಮೆತ್ತಗಿನ ಊಟ, ನೆಟ್ಟಗೆ ಕೂರಿಸಿ ನಿಧಾನವಾಗಿ ತಿನ್ನಿಸೋದು. ನೀರು ಕುಡಿಯುವಾಗ ಪದೇ ಪದೇ ಕೆಮ್ಮು ಬಂದರೆ ಡಾಕ್ಟರಿಗೆ ಹೇಳಲೇಬೇಕು, ನೀರು ಶ್ವಾಸಕೋಶಕ್ಕೆ ಹೋಗುತ್ತಿರಬಹುದು.

ಇನ್ನು ಸ್ಟೆಮ್ ಸೆಲ್ (ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಜಾಹೀರಾತು. ಲಕ್ಷಗಟ್ಟಲೆ ತೆಗೆದುಕೊಂಡು ಮೋಟಾರ್ ನ್ಯೂರಾನ್, ಅಟಾಕ್ಸಿಯಾ ಎಲ್ಲ ವಾಸಿ ಮಾಡುತ್ತೇವೆ ಅನ್ನುವವರು ಫೋನಿನಲ್ಲೇ ಹುಡುಕಿಕೊಂಡು ಬರುತ್ತಾರೆ. ಐಸಿಎಂಆರ್‌ನ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟರೆ ಬೇರೆ ಯಾವುದಕ್ಕೂ ಸ್ಟೆಮ್ ಸೆಲ್ ಅನ್ನು ಅನುಮತಿ ಪಡೆದ ಪ್ರಯೋಗದ ಹೊರಗೆ ಕೊಡುವ ಹಾಗಿಲ್ಲ, ಪ್ರಯೋಗಕ್ಕೆ ಸೇರಿದ ರೋಗಿಯಿಂದ ಅದಕ್ಕೆ ದುಡ್ಡು ಕೇಳುವ ಹಾಗೂ ಇಲ್ಲ. ಹೊಲ ಮಾರುವ ಮೊದಲು ಸರ್ಕಾರಿ ಆಸ್ಪತ್ರೆಯ ಒಬ್ಬ ನ್ಯೂರಾಲಜಿಸ್ಟ್‌ನ ಕೇಳಿ ಅಂತ ಕೈಮುಗಿದು ಹೇಳಿ.

ಕಾರ್ಯಕ್ರಮ ಆದ ಮೇಲೆ

ಎಷ್ಟು ಜನ ಬಂದಿದ್ದರು ಅನ್ನೋದನ್ನು ಎಣಿಸಬೇಡಿ. ಆಮೇಲೆ ಎಷ್ಟು ಜನ ಪಕ್ಕಕ್ಕೆ ಕರೆದು ಕೇಳಿದರು, ಅವರಲ್ಲಿ ಎಷ್ಟು ಜನ ನಿಜವಾಗಿ ಆಸ್ಪತ್ರೆ ಮುಟ್ಟಿದರು ಅನ್ನೋದನ್ನು ಬರೆದಿಡಿ. ಪಕ್ಕಕ್ಕೆ ಕರೆದು ಕೇಳಲು ಒಂದು ಜಾಗವೂ ಬೇಕು, ಶಾಲೆಯ ಒಂದು ಕೋಣೆ ಖಾಲಿ ಇಡಿಸಿ, ಹೆಣ್ಣುಮಕ್ಕಳ ಜೊತೆ ಮಾತಾಡಲು ಆಶಾ ಅಕ್ಕ ಅಲ್ಲಿರಲಿ. ಹೆಸರು, ನಂಬರ್ ಬರೆದ ಪುಸ್ತಕ ಒಬ್ಬರ ಹತ್ತಿರ ಮಾತ್ರ ಇರಬೇಕು, ಮೇಜಿನ ಮೇಲೆ ಬಿಚ್ಚಿಟ್ಟು ಹೋಗಬಾರದು.

ಒಂದು ವಾರದ ಒಳಗೆ ಆ ನಂಬರುಗಳಿಗೆಲ್ಲ ಫೋನ್ ಮಾಡಿ. ಹೋಗಿಲ್ಲ ಅಂದರೆ ಯಾಕೆ ಅಂತ ಕೇಳಿ. ದುಡ್ಡು, ಜೊತೆಗೆ ಬರುವವರಿಲ್ಲ, ದನ ನೋಡಿಕೊಳ್ಳುವವರಿಲ್ಲ, ಹೆಚ್ಚಾಗಿ ಈ ಮೂರರಲ್ಲಿ ಒಂದಿರುತ್ತದೆ, ಮೂರಕ್ಕೂ ಊರಲ್ಲೇ ದಾರಿ ಹುಡುಕಬಹುದು. ಮೊದಲ ಸಲ ಬೆಂಗಳೂರಿಗೆ ಹೋಗುವವರ ಜೊತೆ ಆಸ್ಪತ್ರೆ ಕಂಡ ಒಬ್ಬರನ್ನು ಕಳಿಸಿ. ಹೋಗಿ ಬಂದವರ ಫೈಲನ್ನು ಒಮ್ಮೆ ತೆಗೆದು ನೋಡಿ, ಎಲ್ಲಾ ಕಾಗದವನ್ನೂ ಎರಡು ಜೆರಾಕ್ಸ್ ಮಾಡಿಸಿ, ಒಂದು ಮನೆಯಲ್ಲಿ, ಒಂದು ವಿಆರ್‌ಡಬ್ಲ್ಯೂ ಹತ್ತಿರ, ಯುಡಿಐಡಿ ಅರ್ಜಿಗೆ ಅದೇ ಬೇಕಾಗುತ್ತದೆ. ಮುಂದಿನ ತಪಾಸಣೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅವರ ಎದುರಿಗೇ ಗುರುತು ಹಾಕಿ ಬನ್ನಿ.